ಸಹಾಯ ಬೇಕು: ಕಿವಿ ಸೋರಿ ಮಿದುಳಲ್ಲಿ ಕೀವಾಗಿದೆ, ಅನುಭವ ಇದ್ದವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ 14 ವರ್ಷ. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು, ವಾಸನೆ ಜಾಸ್ತಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಡುತ್ತಿದ್ದೆವು. ದೊಡ್ಡವನಾದರೆ ತಾನೇ ನಿಲ್ಲುತ್ತೆ ಅಂದುಕೊಂಡು ಸುಮ್ನಿದ್ದೆವು. ತಪ್ಪು ನಮ್ಮದೇ.

ಹೋದ ವಾರ ಜ್ವರ, ತಲೆನೋವು, ವಾಂತಿ. ಒಂದು ಬೆಳಿಗ್ಗೆ ತಿಂಡಿಗೆ ಕೂತವನು ಚಮಚ ಕೈಯಲ್ಲಿ ಹಿಡಿದು, "ಅಮ್ಮ, ಇದಕ್ಕೇನಂತಾರೆ?" ಅಂದ. ಅಕ್ಕ ನಡುಗಿಹೋದಳು. ಸ್ಕ್ಯಾನ್‌ನಲ್ಲಿ ಎಡಗಿವಿಯ ಮೇಲಿನ ಮಿದುಳಲ್ಲಿ ಕೀವಿನ ಗಂಟು ಕಂಡಿತು. ಕಿವಿಯೊಳಗೆ ಕೊಲೆಸ್ಟಿಯಟೋಮಾ (ಚರ್ಮದ ಪದರ ಸೇರಿ ಆಗುವ ಗಂಟು) ಬೆಳೆದು ಮೂಳೆ ತಿಂದಿದೆಯಂತೆ. ಕಿವಿಗೂ ಮಿದುಳಿಗೂ ನಡುವೆ ಇರುವುದು ತೆಳ್ಳನೆಯ ಮೂಳೆ ಅಷ್ಟೇ ಅಂತ ಡಾಕ್ಟರ್ ಚಿತ್ರ ಬರೆದು ತೋರಿಸಿದರು. ನಿಮ್ಮನೆಯಲ್ಲಿ ಯಾವ ಮಗುವಿನ ಕಿವಿಯಾದರೂ ಹೀಗೆ ಸೋರುತ್ತಿದ್ದರೆ ಇವತ್ತೇ ಇಎನ್‌ಟಿ ಡಾಕ್ಟರಿಗೆ ತೋರಿಸಿ, ದಮ್ಮಯ್ಯ.

ಆಪರೇಷನ್ ಮಾಡಿ ಕೀವು ತೆಗೆದಿದ್ದಾರೆ. ಇನ್ನು ಸುಮಾರು 6 ವಾರ ನರಕ್ಕೆ ಆಂಟಿಬಯೋಟಿಕ್, ಆಮೇಲೆ ಕಿವಿಯ ಆಪರೇಷನ್.

ಇಷ್ಟು ದಿನದ ಇಂಜೆಕ್ಷನ್ಅನ್ನು ಊರಿನ ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಿಸಿದವರು ಯಾರಾದರೂ ಇದ್ದೀರಾ? ಫಿಟ್ಸ್ ಬಾರದಿರಲಿ ಅಂತ ಕೊಡುವ ಮಾತ್ರೆ ನಿಮ್ಮವರಿಗೆ ಎಷ್ಟು ತಿಂಗಳು ಕೊಟ್ಟರು? ಮರೆತ ಹೆಸರುಗಳು ಪೂರ್ತಿ ವಾಪಸ್ ಬಂದವಾ? ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕಿವಿಯ ಆಪರೇಷನ್ ಮಾಡಿಸಿದವರು ಯಾವ ಕಾಗದಪತ್ರ ಕೊಟ್ಟಿರಿ ಅಂತಲೂ ಹೇಳಿ.

ಅಕ್ಕ ವಾರ್ಡಿನಲ್ಲೇ ಇದ್ದಾಳೆ. ನೀವು ಬರೆದದ್ದನ್ನೆಲ್ಲ ರಾತ್ರಿ ಅವಳಿಗೆ ಓದಿ ಹೇಳುತ್ತೇನೆ.