ಸಹಾಯ ಬೇಕು: ವಾರ್ಡ್ ಸಭೆಗೆ ಜನರನ್ನೂ ಅಧಿಕಾರಿಗಳನ್ನೂ ಕರೆತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯಲ್ಲಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ, ಅದೇ 'ನಮ್ಮ ಗ್ರಾಮ ನಮ್ಮ ಯೋಜನೆ'ಗೆ, ವಾರ್ಡ್ ಸಭೆಗಳು ಶುರುವಾಗಲಿವೆ. ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸುತ್ತಾರೆ, ಅಷ್ಟೇ. ಸಭೆ ಇಡುವುದು ಬೆಳಗ್ಗೆ 11ಕ್ಕೆ, ಕೂಲಿಗೆ ಹೋದವರು ಹೇಗೆ ಬರಬೇಕು? ಕೃಷಿ, ಆರೋಗ್ಯ, ಶಿಕ್ಷಣ ಇಲಾಖೆಯವರು ಬರುವುದೇ ಅಪರೂಪ, ಬಂದರೂ ತಮ್ಮ ಸ್ಕೀಮುಗಳ ಪಟ್ಟಿ ಓದಿ ಹೊರಟುಬಿಡುತ್ತಾರೆ, ಜನರ ಮಾತು ಕೇಳುವಷ್ಟು ಹೊತ್ತು ಕೂರುವುದಿಲ್ಲ. ಕೊನೆಗೆ ಕ್ರಿಯಾ ಯೋಜನೆ ನೋಡಿದರೆ ಬರೀ ಸಿಸಿ ರಸ್ತೆ, ಚರಂಡಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಮೀಸಲಿಟ್ಟಿದ್ದರು, ಆದರೂ ನಮ್ಮ ಕೇರಿಯ ನಲ್ಲಿ ಒಣಗಿಯೇ ಇದೆ. ಇದನ್ನು ಕೇಳಬೇಕಾದ ಜಾಗ ವಾರ್ಡ್ ಸಭೆಯೇ ಅಲ್ವಾ?

ಸಭೆಯನ್ನು ಸಂಜೆಗೆ ಇಡಿಸಿದವರು ಯಾರಾದರೂ ಇದ್ದೀರಾ? ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಹೇಗೆ ಒಪ್ಪಿಸಿದಿರಿ? ಇಲಾಖೆಯವರು ಬರಲೇಬೇಕು ಅಂತ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿಗೆ) ಬರೆದ ಅರ್ಜಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಮಕ್ಕಳ ಗ್ರಾಮಸಭೆಯ ಬೇಡಿಕೆಗಳನ್ನು ಯೋಜನೆಗೆ ಸೇರಿಸಿದ ಅನುಭವ ಇದ್ದರೂ ಹೇಳಿ. ಸ್ತ್ರೀಶಕ್ತಿ ಸಂಘದವರು ಮನೆಮನೆಗೆ ಹೋಗಿ ಹೇಳಲು ತಯಾರಿದ್ದಾರೆ.