ಪುರಸಭೆ ಮೆಂಬರ್ ಆಗಿದೀನಿ, ಸಂತೇಲಿ ಹೆಂಗಸರಿಗೊಂದು ಟಾಯ್ಲೆಟ್ ಮಾಡ್ಸೋದು ಹೆಂಗೆ?

ಸಂತೆಬೀದಿ: ಎಲ್ರಿಗೂ ನಮಸ್ಕಾರ. ಮಹಿಳಾ ಮೀಸಲು ವಾರ್ಡಿಂದ ಗೆದ್ದು ಎಂಟು ತಿಂಗ್ಳಾಯ್ತು. ನಮ್ಮೂರ ಮಂಗಳವಾರದ ಸಂತೇಲಿ ಸೊಪ್ಪು ತರಕಾರಿ ಮಾರೋರು ಜಾಸ್ತಿ ಹೆಂಗಸ್ರೇ, ಬೆಳಗ್ಗೆ ಐದಕ್ಕೆ ಬಂದವ್ರು ಹೊರಡೋದು ರಾತ್ರಿ ಏಳಕ್ಕೆ, ಆಮೇಲೆ ಎಲ್ಲಿಗ್ ಹೋಗೋದು ಅಂತ ನೀರೇ ಕುಡಿಯಲ್ಲ. ಎರಡು ಮೀಟಿಂಗಲ್ಲಿ ಕೇಳ್ದೆ, "ನೋಡೋಣ ಮೇಡಂ" ಅಂತಾರೆ ಅಷ್ಟೇ. ಇಂಜಿನಿಯರ್ ಜಾಗ ನೋಡೋಕೆ ಬಂದ್ರೆ ನನ್ನ ಬಿಟ್ಟು ನಮ್ಮನೆಯವ್ರನ್ನ ಕೇಳ್ತಾರೆ, "ಏನ್ ಸಾರ್ ಮಾಡೋಣ" ಅಂತ. ಏನ್ ಮಾಡ್ಲಿ?

ಹಳೇ ಗುಮಾಸ್ತ: ಮೇಡಂ, ನಾನು ಪುರಸಭೇಲಿ ಕೆಲ್ಸ ಮಾಡಿ ರಿಟೈರ್ ಆದವ್ನು. ಬಾಯಲ್ಲಿ ಕೇಳಿದ್ದು ನಡಾವಳಿ ಪುಸ್ತಕಕ್ಕೆ ಬರ್ಲಿಲ್ಲ ಅಂದ್ರೆ ನೀವು ಕೇಳೇ ಇಲ್ಲ ಅಂತ ಲೆಕ್ಕ. ವಿಷಯ ಬರೆದು ಅಧ್ಯಕ್ಷರಿಗೂ ಮುಖ್ಯಾಧಿಕಾರಿಗೂ ಕೊಡಿ, ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಇನ್ನು ದುಡ್ಡು. ಬಜೆಟ್ಟಲ್ಲಿ ಪರಿಶಿಷ್ಟರಿಗೆ 24.10 ಪರ್ಸೆಂಟು, ಇತರೆ ಬಡವರಿಗೆ 7.25, ವಿಕಲಚೇತನರಿಗೆ 5 ಅಂತ ತೆಗೆದಿಡ್ತಾರೆ, ಹೆಂಗಸರಿಗೆ ಅಂತ ಆ ಥರ ಬೇರೆ ಗಂಟಿಲ್ಲ. ಕೇರಳದಲ್ಲಿ 1997ರ ಸುಮಾರಿಂದ ಸ್ಥಳೀಯ ಸಂಸ್ಥೆಗಳ ಯೋಜನಾ ಹಣದಲ್ಲಿ 10 ಪರ್ಸೆಂಟ್ ಮಹಿಳೆಯರ ಕೆಲ್ಸಕ್ಕೇ ಇಡ್ತಾರೆ, ನಮ್ಮಲ್ಲಿ ಕಾದಾಡಿ ಹಾಕಿಸ್ಬೇಕು. ಬಜೆಟ್ ಪೂರ್ವಭಾವಿ ಸಭೆಗೆ ಆ ಸೊಪ್ಪಿನವ್ರನ್ನೇ ಹತ್ತು ಜನ ಕರ್ಕೊಂಡ್ ಹೋಗಿ ಕೂರ್ಸಿ.

ಕಟ್ಟೆಪುರಾಣ: ಹೆಂಗಸರಿಗೆ ಸಂವಿಧಾನದಲ್ಲಿ ಮೂರನೇ ಒಂದು ಭಾಗ, ನಮ್ಮ ರಾಜ್ಯದಲ್ಲಿ ಅರ್ಧ ಸೀಟು, ಕೊಟ್ಟಿದ್ದಾಯ್ತು. ನಮ್ ವಾರ್ಡ್ ಬ್ಯಾನರಲ್ಲಿ ಮಾತ್ರ ಮೆಂಬರ್‌ಗಿಂತ ಅವ್ರ ಯಜಮಾನ್ರ ಫೋಟೋನೇ ದೊಡ್ಡದು 😀

ಮಾಜಿ ಮೆಂಬರ್: ಅಣ್ಣಾರ, ಬ್ಯಾನರ್ ಬಿಡ್ರಿ. ಅಕ್ಕಾರ, ಮೊದ್ಲ ಆಫೀಸ್ ರಿಜಿಸ್ಟರ್‌ದಾಗ ಯಾರ ಫೋನ್ ನಂಬರ್ ಐತಿ ನೋಡ್ರಿ. ನಂದು ಎರಡು ವರ್ಷ ನಮ್ಮ ಮನಿಯವರ ನಂಬರ್ ಇತ್ತು, ಮೀಟಿಂಗ್ ಐತಿ ಅಂತ ನನಗ ಗೊತ್ತಾಗೋದು ಅವರು ಊಟಕ್ಕ ಬಂದಾಗ. ಇನ್ನೊಂದು, ಬೀದಿ ವ್ಯಾಪಾರಿಗಳ 2014ರ ಕಾಯ್ದೆದಾಗ ಪಟ್ಟಣ ವ್ಯಾಪಾರ ಸಮಿತಿ ಅಂತ ಐತಿ, ಅದ್ರಾಗ ಕನಿಷ್ಠ 40 ಪರ್ಸೆಂಟ್ ವ್ಯಾಪಾರಸ್ಥರೇ ಇರಬೇಕು, ಅವರೊಳಗ ಮೂರನೇ ಒಂದು ಭಾಗ ಹೆಣ್ಮಕ್ಕಳು. ನಿಮ್ಮೂರಾಗ ಐತೇನು ಕೇಳ್ರಿ. ಮತ್ತ ಟಾಯ್ಲೆಟ್ ಕಟ್ಟಿಸಿದ್ರ ಮುಗೀಲಿಲ್ಲ ರೀ, ನಾ ಕಟ್ಟಿಸಿದ್ದಕ್ಕ ಉದ್ಘಾಟನೆ ಮರುದಿನಾನ ಬೀಗ ಬಿತ್ತು, ಆರು ತಿಂಗ್ಳು ತೆಗೀಲಿಲ್ಲ, ನೀರಿನ ಕನೆಕ್ಷನ್ನು, ಕ್ಲೀನ್ ಮಾಡೋರ ಪಗಾರ ಎಲ್ಲಾ ಅದೇ ಠರಾವಿನಾಗ ಬರಸ್ರಿ.

ಸಂತೆಬೀದಿ: ಅಕ್ಕಾ, ಈಗ್ಲೇ ಫೋನ್ ಮಾಡಿ ಕೇಳ್ದೆ, ಇವ್ರ ನಂಬರೇ ಇರೋದು!! ನಾಳೆ ಹೋಗಿ ನಂದು ಬರೆಸ್ತೀನಿ. ಆ ಸಮಿತಿ ಇದ್ಯಾ ಅಂದ್ರೆ "ಫೈಲ್ ಹುಡುಕ್ಬೇಕು" ಅಂದ್ರು. ಅಂದಂಗೆ ಬೀಗದ ಕೈ ಕೊನೆಗೆ ಯಾರ ಹತ್ರ ಇಟ್ರಿ?

ಮಾಜಿ ಮೆಂಬರ್: ಬಳಿ ಮಾರೋ ಆಯಿ ಕಡೆ. ಮುಂಜಾನೆ ಐದಕ್ಕ ಆಕಿನೂ ಅಲ್ಲೇ ಬಂದಿರ್ತಾಳಲ್ಲ.