ಆ್ಯಪ್ ಎಲ್ಲಾ ತಳ್ಳಿ ತೆಗೀಬೇಕೋ, ಹಂಗೇ ಬಿಡಬೇಕೋ?

ಕಲಬುರಗಿ, ಸೂಪರ್ ಮಾರ್ಕೆಟ್ ಹತ್ರ ಬಟ್ಟಿ ಅಂಗಡಿ:
ಅಣ್ಣಾರ, ಅಕ್ಕಾರ, ನಂದು ಮೂರು ವರ್ಷದ ಆಂಡ್ರಾಯ್ಡ್ ಫೋನ್. ಮಧ್ಯಾಹ್ನ ಊಟದ ಹೊತ್ತಿಗೇ ಚಾರ್ಜ್ 20ಕ್ಕ ಇಳೀತದ. ಫೋನ್ ಕೆಳಗಿಡೂ ಮೊದಲ ಎಲ್ಲಾ ಆ್ಯಪ್ ಮ್ಯಾಲ ತಳ್ಳಿ ಕ್ಲಿಯರ್ ಮಾಡ್ತೀನಿ, ಆದ್ರೂ ಅಷ್ಟೇ. ಕ್ಲಿಯರ್ ಮಾಡೂದು ಬಿಟ್ಟು ನೋಡಿದವರು ಇದ್ದೀರೇನು?

ಗಂಜ್, ದಾಲ್ ಮಿಲ್ ಲೆಕ್ಕ ಬರೆಯವ:
ನಾನೂ ಹಂಗೇ ಇದ್ದೆ ನೋಡ್ರಿ. ಚಾ ಕುಡೀಲಿಕ್ಕ ಕುಂತ್ರ ಬೆರಳು ತಾನೇ ಮ್ಯಾಲ ಹೋಗ್ತಿತ್ತು. ಹದಿನೈದು ದಿನ ಜೀವ ಬಿಗಿಹಿಡದು ಬಿಟ್ಟೆ. ಬ್ಯಾಟರಿ ಕಮ್ಮಿ ಆಗ್ಲಿಲ್ಲ, ಸಂಜಿಗೆ ತುಸು ಹೆಚ್ಚೇ ಉಳೀತು. ನಾವು ತಳ್ಳೂ ಆ ಆ್ಯಪ್ ಪಟ್ಟಿಯೊಳಗ ಕಾಣೂದೆಲ್ಲಾ ಓಡ್ತಿರೂದಿಲ್ರಿ, ಭಾಳಷ್ಟು ಸುಮ್ನ ಮಲಗಿರ್ತಾವ. ರ‍್ಯಾಮ್ (ತೆರದ ಆ್ಯಪ್ ಕುಂಡ್ರೂ ಮೆಮೊರಿ) ಸಾಲದಿದ್ರ ಆಂಡ್ರಾಯ್ಡೇ ಹಳೇವನ್ನ ತಗದು ಹಾಕ್ತದ. ನೀವು ತಗದ ವಾಟ್ಸಾಪ್ ಐದು ನಿಮಿಷಕ್ಕ ಮತ್ತ ತೆರದ್ರ ಎಲ್ಲಾ ಮೊದಲಿಂದ ಲೋಡ್ ಆಗಬೇಕು, ಅದಕ್ಕ ಚಾರ್ಜ್ ಹೆಚ್ಚು. ಮಿಲ್‌ನಾಗ ಚೀಲಕ್ಕೊಮ್ಮೆ ಮೋಟರ್ ಬಂದ್ ಮಾಡಿ ಚಾಲೂ ಮಾಡ್ತೀವೇನು? 2015ರ ಆಂಡ್ರಾಯ್ಡ್ 6ರಾಗೇ ಡೋಜ್ ಅಂತ ಬಂತು, ಫೋನ್ ಬಿದ್ದಲ್ಲೇ ಬಿದ್ದಿದ್ರ ಆ್ಯಪ್‌ಗಳ ಓಡಾಟ ತಾನೇ ತಡೀತದ. 2018ರ ಆಂಡ್ರಾಯ್ಡ್ 9ರಿಂದ, ಅಪರೂಪಕ್ಕ ಬಳಸೂ ಆ್ಯಪ್‌ಗೆ ಇನ್ನೂ ಬಿಗಿ.

ಬೀದರ್, ಕಾಲೇಜ್ ಹುಡುಗಿ:
ಐಫೋನ್‌ನಾಗೂ ಅದೇ ಕತಿ. 2016ರಾಗ ಗಿರಾಕಿಯೊಬ್ಬ ಇದನ್ನೇ ಇಮೇಲ್ ಹಾಕಿ ಕೇಳಿದಾಗ, ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ ತಾವೂ ಹಂಗ ಮಾಡೂದಿಲ್ಲ, ಬ್ಯಾಟರಿಗೆ ಅದು ಬೇಕಾಗೂದೂ ಇಲ್ಲ ಅಂತ ಬರದಿದ್ರು. ಆ್ಯಪ್ ಹ್ಯಾಂಗ್ ಆದ್ರ ಮಾತ್ರ ನಾ ತಳ್ಳೂದು.

ಶಹಾಪುರ, ಸಾಲಿ ಮಾಸ್ತರ:
ಎಲ್ಲಾ ಬಿಟ್ಟುಬಿಡ್ರಿ ಅಂದ್ರ ನಾ ಒಪ್ಪೂದಿಲ್ಲ. ಕೆಲವು ಆ್ಯಪ್ ಹಿಂದ ಕುಂತು ಲೊಕೇಶನ್ ಹಿಡೀತಾವ. ಸೆಟ್ಟಿಂಗ್ಸ್‌ನಾಗ ಬ್ಯಾಟರಿ ಬಳಕೆ ತೆರದು ಯಾವುದು ಎಷ್ಟು ತಿಂದದ ನೋಡ್ರಿ, ಅದೊಂದಕ್ಕೇ ಹಿನ್ನೆಲೆ ಬಳಕೆ ನಿರ್ಬಂಧ ಹಾಕ್ರಿ. ಫೋರ್ಸ್ ಸ್ಟಾಪ್ ಮಾತ್ರ ಕಂಡಕಂಡದ್ದಕ್ಕ ಒತ್ತಬ್ಯಾಡ್ರಿ! ನಮ್ಮವ್ವನ ಬಿಪಿ ಗುಳಗಿ ನೆನಪಿಸೂ ಆ್ಯಪ್‌ಗೆ ಒತ್ತಿ ಮರ್ತೆ. ಮತ್ತ ನಾವೇ ತೆರೆಯೂತನಕ ಅದು ಏಳೂದಿಲ್ಲ ಅನ್ನೂದು ಗೊತ್ತಿರ್ಲಿಲ್ಲ. ಎರಡು ದಿನ ಗಂಟಿ ಬಾರಿಸ್ಲಿಲ್ಲ, ಮೂರನೇ ದಿನ ಗುಳಗಿ ಡಬ್ಬಿ ತೆರದಾಗ ಎರಡು ಖಾನಿ ಹಂಗೇ ತುಂಬಿದ್ವು. ಅವ್ವ ಬೈದದ್ದು ಬ್ಯಾರೆ.

ಕಲಬುರಗಿ, ಆಟೋ ಓಡಿಸವ:
ಮೂರು ವರ್ಷದ ಬ್ಯಾಟರಿ ಅಂದ್ಮ್ಯಾಲ ಆ್ಯಪ್‌ದೇ ತಪ್ಪು ಅನ್ಬ್ಯಾಡ್ರಿ. ಐಫೋನ್ ಬಳಸಲಿಕ್ಕ ಆಪಲ್ ಹೇಳೂದೇ 35 ಡಿಗ್ರಿತನಕ, ನಮ್ಮೂರ ಮೇ ತಿಂಗಳದಾಗ 40 ದಾಟ್ತದ. ನಾ ಗಾಜಿನ ಹಿಂದ ಬಿಸಿಲಿಗೆ ಇಟ್ಟು ಇಟ್ಟು ಒಂದು ಬ್ಯಾಟರಿ ಉಬ್ಬಿಸಿ ಕುಂತೀನಿ.

ಮತ್ತ ಅಂಗಡಿಯವ:
ಮಾಸ್ತರ, ನೀವಂದಂಗ ತೆರದು ನೋಡಿದೆ. ಕ್ರಿಕೆಟ್ ಸ್ಕೋರ್ ಆ್ಯಪ್ ಒಂದೇ 31 ಪರ್ಸೆಂಟ್ ತಿಂದದ! ಸೀಜನ್ ಮುಗದು ಯಾವ ಕಾಲ ಆತು. ಅದನ್ನ ತಗದು ಹಾಕೀನಿ, ಬ್ಯಾಟರಿ ರೇಟ್ ನಾಳೆ ಕೇಳ್ತೀನಿ.